ದೇವಕ್ಕ ಬೀಳುವ ಕಣಿವೆ

ಧಾರವಾಡದ ಮೂಡಲಿಗೆ, ಕಣ್ಣು ಹಾಯುವವರೆಗೂ ಸಪಾಟಾದ ಕರಿಮಣ್ಣಿನ ಬಯಲಿನಲ್ಲಿರುವ ಎರಿಮಟ್ಟಿ ಗ್ರಾಮವು, ಸರಕಾರದ ಆದೇಶದ ಮೇರೆಗೆ, ಬೆಟ್ಟದ ಮೇಲಿದೆ.

ಇದಕ್ಕೆ ಆಧಾರಗಳಿಲ್ಲದೆ ಇಲ್ಲ. ಗುಡ್ಡಗಾಡು ಕೃಷಿ ಗ್ರಾಮಗಳ ಉದ್ಧಾರ ಯೋಜನೆಗೆ ಆ ಭಾಗದಿಂದ ಒಂದು ಊರನ್ನು ಆರಿಸಲೇಬೇಕೆಂದು ಮೇಲಿನಿಂದ ಅಪ್ಪಣೆಯಾಗಿತ್ತು. ಬೆಟ್ಟವಿಲ್ಲವೆಂಬುದು ಅಪ್ಪಣೆ ಪಾಲಿಸದಿರಲು ತಕ್ಕ ಕಾರಣವಲ್ಲ. ಯೋಜನಾಧಿಕಾರಿ ಶಶಿಕಾಂತ ಸಾಹೇಬರು ಎರಿಮಟ್ಟಿಗೆ ಬಂದು, ಕೆರೆಯ ಹೂಳೆತ್ತಿ ಒಟ್ಟಿದ್ದ ದಿಬ್ಬವನ್ನು ಹತ್ತಿದರು. ನಾಷ್ಟಾಕ್ಕೆ ತಿಂದ ಗಿರಮಿಟ್ಟು, ಮಿರ್ಚಿ ತುಸು ಹೆಚ್ಚಾಗಿದ್ದುದರಿಂದ ಅರ್ಧಕ್ಕೇ ದಮ್ಮು ಹತ್ತಿತು. ದಮ್ಮು ಹತ್ತಿಸುವ ಭೂಮಿಯೇ ಬೆಟ್ಟವೆಂದು ಅಲ್ಲಿಯೇ ಕುಳಿತು ಷರಾ ಬರೆದರು. ಊರ ಹೆಸರಿನಲ್ಲೇ ಗುಡ್ಡವೆಂಬ ಅರ್ಥದ ‘ಮಟ್ಟಿ’ ಇರುವುದು ಐತಿಹಾಸಿಕ ಪುರಾವೆಯಾಯಿತು. ಪೂರ್ವಜರು ವೈರಿಗಳಿಗೆ ಹೆದರಿ ಈ ಎತ್ತರವನ್ನು ಏರಿದರೆಂದೂ, ಇಲ್ಲಿಯ ಜನ ಎಲ್ಲ ಗಿರಿವಾಸಿಗಳಂತೆ ಮಿತಭಾಷಿಗಳೆಂದೂ ಊರಿನ ಇತಿಹಾಸವನ್ನು ಕಚೇರಿಯಲ್ಲಿಯೇ ಸಿದ್ಧಪಡಿಸಲಾಯಿತು.

ಆ ಮಿತಭಾಷಿಗಳಲ್ಲಿ ದೇವಕ್ಕ ಒಬ್ಬಳು. ಬಿಳಿಜೋಳ, ಕಡಲೆ ಬೆಳೆಯುವ ಒಕ್ಕಲಗಿತ್ತಿ. ಹೊಲದಲ್ಲಿ ಎತ್ತುಗಳ ಸಂಗಡ ಆರಂಭಿಸಿದ ಮಾತನ್ನು ಓಣಿಗೆ ಬಂದು ಮಂದಿಯ ಸಂಗಡ ಮುಗಿಸುವವಳು. ಹೊಲದಿಂದ ಮನೆಗೆ ನೆಟ್ಟಗಿನ ಬಂಡಿದಾರಿ. ಎತ್ತುಗಳಿಗೆ ಅದು ಬಾಯಿಪಾಠ. ಒಂದು ಮುಂಜಾನೆ ಜೆಸಿಬಿಗಳು ಬಂದು, ಆ ದಾರಿಯನ್ನು ಅಡ್ಡಡ್ಡ ದಾಟುತ್ತ, ಹಾವು ಹೊರಳಿದಂತೆ ಹೊಸ ರಸ್ತೆ ಹಾಕತೊಡಗಿದವು. ದೇವಕ್ಕ ಧಾರವಾಡದ ಬಸ್ಸು ಹತ್ತಿ ಕಚೇರಿಗೆ ಹೋದಳು.

“ಸಾಹೇಬ್ರ, ನೆಟ್ಟಗಿದ್ದ ದಾರಿ ಯಾಕ ಹಿಂಗ ತಿರುವಾಕತ್ತೀರಿ?”

“ಅದು ಘಾಟ ರಸ್ತಾ, ಅಕ್ಕಾರ. ಬೆಟ್ಟಾ ನೆಟ್ಟಗ ಹತ್ತಿದ್ರ ಗಾಡಿ ಹಿಂದಕ್ಕ ಜಾರತಾವ.”

“ನಮ್ಮೂರಾಗ ನೀರು ಚೆಲ್ಲಿದ್ರ, ಯಾವ ಕಡೆ ಹರೀಬೇಕಂತ ನೀರಿಗೇ ತಿಳಿಯಂಗಿಲ್ರಿ.”

ಸಾಹೇಬರು ಚಹಾ ತರಿಸಿದರು. “ಎತ್ತರದಾಗ ಇರೋ ಮಂದಿಗೆ ಎತ್ತರ ಕಾಣಂಗಿಲ್ಲ. ಅದು ಕೆಳಗ ಇರೋ ನಮಗ ಕಾಣತೈತಿ.”

ಚಹಾ ಛಲೋ ಇತ್ತು. ದೇವಕ್ಕ ಕುಡಿದು ವಾಪಸು ಬಂದಳು.

ತಿರುವುಗಳನ್ನು ಎತ್ತರಿಸಲು ಮಣ್ಣು ಸಾಲದೆ ಗುತ್ತಿಗೆದಾರರು ದಿಬ್ಬವನ್ನೇ ಕಡಿದು ಒಯ್ದರು. ದಿಬ್ಬ ಮುಗಿದ ಮೇಲೂ ಮಣ್ಣು ಬೇಕಿದ್ದರಿಂದ ಅಲ್ಲೊಂದು ದೊಡ್ಡ ತಗ್ಗು ಬಿತ್ತು. ಬೆಟ್ಟವೇ ಹೋಯಿತಲ್ಲ ಎಂದು ಗ್ರಾಮಸಭೆಯಲ್ಲಿ ಕೆಲವರು ಕಳವಳಪಟ್ಟಾಗ, ಸಾಹೇಬರು ಆ ತಗ್ಗನ್ನು ತೋರಿಸಿ, ಬೆಟ್ಟವಿಲ್ಲದೆ ಈ ಕಣಿವೆ ಎಲ್ಲಿಂದ ಬಂತೆಂದು ಕೇಳಿದರು. ಕಣಿವೆಯ ಸರಹದ್ದು ಹೊಸ ರಸ್ತೆಯವರೆಗೂ ಇದೆಯೆಂದು ನಕಾಶೆ ತಿದ್ದಿ, ಪ್ರತಿ ತಿರುವಿನಲ್ಲೂ ಫಲಕ ನಿಲ್ಲಿಸಿದರು:

“ಸಾರ್ವಜನಿಕರ ಗಮನಕ್ಕೆ. ಒಂದು ತಿರುವಿನಿಂದ ಇನ್ನೊಂದಕ್ಕೆ ನೇರವಾಗಿ ಹೋಗುವ ವ್ಯಕ್ತಿ, ಜಾನುವಾರು ಅಥವಾ ವಾಹನವು ಕಣಿವೆಗೆ ಉರುಳಿದೆಯೆಂದು ಪರಿಗಣಿಸಲಾಗುವುದು.”

ಎತ್ತುಗಳು ಫಲಕ ಓದಲಿಲ್ಲ. ಅಂದು ಸಂಜೆ ರೂಢಿಯಂತೆ ನೆಟ್ಟಗೆ ಮನೆಯ ಕಡೆ ಹೊರಟವು. ಸೀಟಿ ಊದುತ್ತ ಹಗ್ಗ ಹಿಡಿದು ಓಡಿ ಬಂದವನು ಹನಮೇಶ. ದೇವಕ್ಕನ ಓಣಿಯ ಹುಡುಗ. ಹುಬ್ಬಳ್ಳಿಯ ಗ್ಯಾರೇಜಿನ ಕೆಲಸ ಬಿಟ್ಟು ಯೋಜನೆಯವರು ಹೊಸದಾಗಿ ಕಟ್ಟಿದ ಪರ್ವತ ರಕ್ಷಣಾ ದಳದ ನಾಯಕನಾಗಿದ್ದ.

“ದೊಡ್ಡವ್ವಾ, ಅಳ್ಳಾಡಬ್ಯಾಡ. ನೀ ಬಿದ್ದೀ.”

“ಎಲ್ಲಿ ಬಿದ್ದೇನೋ? ಬಂಡಿ ಮ್ಯಾಲ ಕುಂತೇನಿ.”

“ಬಿದ್ದವರಿಗೆ ಮೊದಲ ಹಂಗ ಅನಸತೈತಿ.”

ದಳದವರು ಅವಳ ನಡುವಿಗೆ ಹಗ್ಗ ಕಟ್ಟಿ ಮೇಲಕ್ಕೆ ಎಳೆದರು. ನೆಲ ಸಪಾಟಾಗಿದ್ದುದರಿಂದ ಬಹಳ ದೂರ ಎಳೆಯಬೇಕಾಯಿತು. ಮನೆ ಮುಂದೆ ಬಿಚ್ಚಿ, ಕಂಬಳಿ ಹೊದಿಸಿ, ಬದುಕಿದಳೆಂದು ಸಾಹೇಬರಿಗೆ ಫೋನು ಮಾಡಿದರು. ಹುಟ್ಟಿ ಬೆಳೆದ ನೆಲದಿಂದಲೇ ತನ್ನನ್ನು ಎತ್ತಿ ತಂದರಲ್ಲ ಎಂದು ದೇವಕ್ಕ ರೊಟ್ಟಿ ಬಡಿಯುತ್ತ ಕಣ್ಣೊರೆಸಿಕೊಂಡಳು.

ಮರುದಿನವೂ ಬಿದ್ದಳು. ಅದರ ಮರುದಿನವೂ. ನಡುವಿನಲ್ಲಿ ಹಗ್ಗದ ಬರೆ ಎದ್ದ ಮೇಲೆ ಬುದ್ಧಿ ಕಲಿತು, ಎತ್ತುಗಳ ಮೂಗುದಾಣ ಜಗ್ಗಿ ತಿರುವು ತಿರುವು ಸುತ್ತಿ ಮನೆ ಮುಟ್ಟಿದಳು. ಎತ್ತುಗಳು ಸಿಟ್ಟಿಗೆದ್ದು ಮೇವು ಮುಟ್ಟಲಿಲ್ಲ. ಅಷ್ಟರಲ್ಲಿ ಹನಮೇಶ ಬಂದು ಕಟ್ಟೆಯ ಮೇಲೆ ತಲೆ ತಗ್ಗಿಸಿ ಕುಳಿತ.

“ದೊಡ್ಡವ್ವಾ, ಇವತ್ತ ನೀ ಬೀಳಲಿಲ್ಲ.”

“ನೀವ ಹೇಳಿದಂಗ ಸುತ್ತ ಹಾಕಿ ಬಂದೇನಪಾ.”

“ಯಾರೂ ಬೀಳಲಿಲ್ಲಂದ್ರ ದಳಾ ತಗೀತಾರಂತ. ಉಳಿದ ಮಂದಿ ಎಲ್ಲಾ ಫಲಕ ಓದತಾರ. ನಮ್ಮ ಹುಡುಗರು ನಿನ್ನ ನೆಚ್ಚಿಕೊಂಡಾರ. ಮನ್ಯಾಗ ಹೇಣ್ತಿ ಹಡಿಯಾಕ ಬಂದಾಳ, ನಾ ಎಲ್ಲಿ ಹೋಗ್ಲಿ?”

ದೇವಕ್ಕ ಬಹಳ ಹೊತ್ತು ಸುಮ್ಮನೆ ಕುಳಿತಳು. ಎರಿಮಟ್ಟಿಯ ಜನ ಮಿತಭಾಷಿಗಳೆಂಬುದು ಅಂದು ಮೊದಲ ಬಾರಿಗೆ ಖರೇ ಆಯಿತು.

“ಆತು,” ಎಂದಳು ಕಡೆಗೆ. “ಹಗ್ಗಕ್ಕ ಒಂದೀಟು ಅರಿವಿ ಸುತ್ತ್ರಿ. ನಡಾ ಸುಲೀತೈತಿ.”

ಬಟ್ಟೆ ಸುತ್ತಿದರು. ಅಂದಿನಿಂದ ದೇವಕ್ಕ ತಪ್ಪದೆ ಬೀಳುತ್ತಿದ್ದಾಳೆ, ಬಿತ್ತನೆಯ ಹಂಗಾಮಿನಲ್ಲಿ ಎರಡೆರಡು ಸಲ. ಹನಮೇಶನಿಗೆ ಹೆಣ್ಣು ಕೂಸು ಹುಟ್ಟಿತು. ದಳಕ್ಕೆ ಹೊಸ ಟೊಪ್ಪಿಗೆಗಳು ಬಂದವು. ಶಶಿಕಾಂತ ಸಾಹೇಬರು ತಿಂಗಳಿಗೊಮ್ಮೆ ಬಂದು, ತುಸು ದಮ್ಮು ತೆಗೆದುಕೊಂಡು, ಹೋಗುತ್ತಾರೆ.

ಮೊನ್ನೆ ಬೆಂಗೇರಿಯಲ್ಲಿ ಅಕ್ಕನ ಮೊಮ್ಮಗನ ಲಗ್ನವಿತ್ತು. ದೇವಕ್ಕ ಹಿಂದಿನ ದಿನವೇ ಹನಮೇಶನಿಗೆ ಹೇಳಿಕಳಿಸಿದಳು: “ನಾಳಿ ಲಗೂನ ಬೀಳತೇನಿ. ಬಸ್ಸಿನ ಹೊತ್ತಿಗೆ ಎತ್ತಿಬಿಡ್ರಿ.”

ಮುಂಜಾನೆ ಹೊಸ ಇಳಕಲ್ ಸೀರೆ ಉಟ್ಟು ಬಂಡಿ ಹತ್ತಿದಳು. ತಿರುವಿನ ಅಂಚಿಗೆ ಬಂದಾಗ ಗಟ್ಟಿಯಾಗಿ ಗೂಟ ಹಿಡಿದು ಕಣ್ಣು ಮುಚ್ಚಿಕೊಂಡಳು. ಈಚೆಗೆ ಅಲ್ಲಿಂದ ಕೆಳಗೆ ನೋಡಿದರೆ ಅವಳಿಗೆ ತಲೆ ತಿರುಗುತ್ತದೆ.