ಸದ್ದಿಲ್ಲದ ತರಗತಿ

ತಂಟೆಯೆಲ್ಲ ಶುರುವಾದದ್ದು ಒಂದು ಟ್ಯೂಬ್‌ಲೈಟಿನಿಂದ. ಮೂರನೇ ತರಗತಿ ‘ಎ’ ವಿಭಾಗದ ಮೇಷ್ಟ್ರಿಗೆ ಕೇಳಿಸದ ಅದರ ಗುಂಯ್ ಸದ್ದು, ಆಟಿಸಂ ಇದ್ದ ಹುಡುಗಿಯೊಬ್ಬಳಿಗೆ ಕೇಳಿಸುತ್ತಿತ್ತು. ಪಾಪ, ಕಿವಿ ಮುಚ್ಚಿಕೊಂಡು ಅಳುತ್ತಿದ್ದಳು. ಕಾರಣ ಹೊಳೆಯಲು ಮೇಷ್ಟ್ರಿಗೆ ಎರಡು ತಿಂಗಳು ಹಿಡಿಯಿತು.

ಹೊಳೆದ ಮೇಲೆ ಮನುಷ್ಯ ಸುಮ್ಮನೆ ಕೂರಲಿಲ್ಲ. ದೀಪ ಆರಿಸಿದರು. ಬೆಂಚಿನ ಕಾಲುಗಳಿಗೆ ರಬ್ಬರು ತೊಡಿಸಿದರು. ‘ನೀರು ಬೇಕು’, ‘ಅರ್ಥವಾಗಲಿಲ್ಲ’, ‘ನಿಧಾನವಾಗಿ ಹೇಳಿ’ ಎಂದು ಚಿತ್ರದ ಚೀಟಿ ಬರೆದುಕೊಟ್ಟರು. ಹುಡುಗಿ ಅಳು ಬಿಟ್ಟಳು, ಮೆಲ್ಲಗೆ ಮಾತಿಗೂ ಬಂದಳು. ಉಳಿದ ಮೂವತ್ತೈದು ಮಕ್ಕಳು ತಮಗೂ ಚೀಟಿ ಬೇಕೆಂದು ಹಠ ಹಿಡಿದು, ಪಡೆದು, ಮಾತನ್ನೇ ಬಿಟ್ಟರು.

ಒಬ್ಬರೇ ಇದನ್ನೆಲ್ಲ ನಿಭಾಯಿಸಿ ಮೇಷ್ಟ್ರು ಹೈರಾಣಾಗಿದ್ದರು. ಹುಡುಗಿಗಾಗಿ ಒಬ್ಬ ಸಹಾಯಕಿ ಸಿಗದಿದ್ದರೆ ಅವಳನ್ನು ಶಾಲೆ ಬಿಡಿಸಬೇಕಾಗುತ್ತದೆಂಬ ಚಿಂತೆ ಅವರನ್ನು ಕೊರೆಯುತ್ತಿತ್ತು. ಆರು ಅರ್ಜಿಗಳ ನಂತರ, ಕಣ್ಣಾರೆ ನೋಡಲು ಇವತ್ತು ಶಿಕ್ಷಣ ಇಲಾಖೆಯ ಅಧಿಕಾರಿ ಬರುವವರಿದ್ದರು.

“ಮಗು ಇಷ್ಟು ಚೆನ್ನಾಗಿದ್ರೆ ಅವರು ಯಾಕ್ರೀ ಸಹಾಯಕಿ ಕೊಡ್ತಾರೆ?” ಎಂದರು ಹೆಡ್‌ಮೇಡಂ. “ಒಂದೇ ನಿಮಿಷ ಆ ಲೈಟ್ ಹಾಕ್ಬಿಡಿ.”

“ಇಲ್ಲಾಂದ್ರೆ ನಾನೇ ಹೊರಗೊಂದು ಬಕೆಟ್ ಬೀಳಿಸ್ತೀನಿ,” ಎಂದರು ಡ್ರಾಯಿಂಗ್ ಮೇಷ್ಟ್ರು, ದೊಡ್ಡ ಉಪಕಾರಿಯಂತೆ.

“ನಿಮ್ಮ ದಮ್ಮಯ್ಯ, ಏನೂ ಬೀಳಿಸ್ಬೇಡಿ ಸಾರ್,” ಎಂದು ಹುಡುಗಿಯ ಮೇಷ್ಟ್ರು ಕೈಮುಗಿದರು.

ಹನ್ನೊಂದಕ್ಕೆ ಅಧಿಕಾರಿ ಬಾಗಿಲು ತಳ್ಳಿದರು. ಒಳಗೆ ಅರೆಗತ್ತಲು. ಮೂವತ್ತಾರು ಮುಖಗಳು ಒಟ್ಟಿಗೆ ತಿರುಗಿದವು. ಬೆಂಚು ಕಿರುಗುಟ್ಟಲಿಲ್ಲ, ಯಾರೂ ಕೆಮ್ಮಲಿಲ್ಲ. ಅಧಿಕಾರಿ ಒಂದು ಹೆಜ್ಜೆ ಇಟ್ಟರು. ಅವರ ಬೂಟು ಕಿರ್ರೆಂದಿತು. ಮೂವತ್ತಾರು ಮಕ್ಕಳೂ ಒಮ್ಮೆಲೇ ಕಿವಿ ಮುಚ್ಚಿಕೊಂಡರು.

“ಏನ್ ಮಕ್ಕಳೇ, ಹೇಗಿದ್ದೀರಿ?”

ಮೂವತ್ತೈದು ಚೀಟಿಗಳು ಮೇಲೆದ್ದವು. ಎಲ್ಲದರಲ್ಲೂ ಒಂದೇ ಆಮೆ: ‘ನಿಧಾನವಾಗಿ ಹೇಳಿ’. ಅಧಿಕಾರಿ ನಗಲು ನೋಡಿದರು. ಒಬ್ಬರೂ ನಗಲಿಲ್ಲ, ರೆಪ್ಪೆ ಕೂಡ ಬಡಿಯಲಿಲ್ಲ. ಕಿಟಕಿಯ ಪರದೆ ತನ್ನಷ್ಟಕ್ಕೆ ಅಲುಗಿತು, ಅವರು ಬೆಚ್ಚಿ ಅತ್ತ ತಿರುಗಿದರು.

“ಇವರೆಲ್ಲ... ಯಾವಾಗ್ಲೂ ಹೀಗೇನಾ?” ಎಂದು ಪಿಸುಗುಟ್ಟಿದರು.

ಮೇಷ್ಟ್ರು ವಿವರಿಸಲು ಹೋದರು. ಗಾಬರಿಯಲ್ಲಿ, ಮಾತಿಗೆ ಮುಂಚೆ, ಅಭ್ಯಾಸಬಲದಿಂದ ಕೈಯೇ ‘ಅರ್ಥವಾಗಲಿಲ್ಲ’ ಚೀಟಿಯನ್ನು ಎತ್ತಿ ಹಿಡಿಯಿತು. ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದರು.

ಅಷ್ಟರಲ್ಲಿ ಹುಡುಗಿ ಎದ್ದು, ಸೀದಾ ಅವರ ಮುಂದೆ ಬಂದು ನಿಂತಳು. “ನಿಮ್ಮ ಬೂಟು ಸದ್ದು ಮಾಡುತ್ತೆ. ಹೊರಗೆ ಬಿಚ್ಚಿಟ್ಟು ಬನ್ನಿ.”

ಅಧಿಕಾರಿ ತೆಪ್ಪಗೆ ಬಿಚ್ಚಿ, ಬೂಟು ಕೈಯಲ್ಲಿ ಹಿಡಿದು ಹೊರಗೆ ಹೋದವರು ತಿರುಗಿ ಬರಲಿಲ್ಲ. ಮೇಷ್ಟ್ರಿಗೆ ಅದರ ಪರಿವೆಯೇ ಇರಲಿಲ್ಲ. ಹುಡುಗಿ ಹೊರಗಿನವರ ಜೊತೆ ಮಾತಾಡಿದ್ದು ಇದೇ ಮೊದಲು. ಖುಷಿಗೆ ಅವರ ಕಣ್ಣು ತುಂಬಿ ಬಂತು.

ಅರ್ಧ ಗಂಟೆಯ ನಂತರ ಹೆಡ್‌ಮೇಡಂ, ಅಧಿಕಾರಿ ಬರೆದುಕೊಟ್ಟ ಆದೇಶ ಹಿಡಿದು ಬಂದರು. “ಅದೃಷ್ಟ ಕಣ್ರೀ ನಿಮ್ದು. ಒಬ್ಬರಲ್ಲ, ಇಬ್ಬರು ಸಹಾಯಕಿಯರು.”

ಮೇಷ್ಟ್ರು ಓದಿದರು. ‘ಈ ತರಗತಿಯ ಮೂವತ್ತೈದು ಮಕ್ಕಳಿಗೂ, ಶಿಕ್ಷಕರಿಗೂ ವಿಶೇಷ ನೆರವು ಅಗತ್ಯ. ಇವರ ನಡುವೆ ಸಿಕ್ಕಿಕೊಂಡಿರುವ, ಯಾವ ತೊಂದರೆಯೂ ಇಲ್ಲದ ಏಕೈಕ ಬಾಲಕಿಯನ್ನು ಇಂದೇ ‘ಬಿ’ ವಿಭಾಗಕ್ಕೆ ವರ್ಗಾಯಿಸತಕ್ಕದ್ದು.’

“ಮೇಡಂ, ಅರ್ಜಿ ಹಾಕಿದ್ದೇ ಆ ಮಗುವಿಗೆ.”

“ಸಹಿ ಆಗಿದೆ, ಸೀಲೂ ಬಿದ್ದಿದೆ. ಹೋಗ್ಲಿ, ಏಳನೇ ಅರ್ಜಿ ಬರೀರಿ.”

ಶಾಲೆಯ ಆಯಾ ಆಗಲೇ ಹುಡುಗಿಯ ಚೀಲ ಎತ್ತಿಕೊಂಡಿದ್ದಳು. ಗೋಡೆಯಾಚೆ ‘ಬಿ’ ವಿಭಾಗದ ಅರವತ್ತು ಮಕ್ಕಳು ಒಕ್ಕೊರಲಿನಿಂದ ಮಗ್ಗಿ ಕೂಗುತ್ತಿದ್ದರು.

“ಅಲ್ಲಿ ಎಷ್ಟು ಹೊತ್ತು ಇರ್ಬೇಕು ಸಾರ್?” ಎಂದು ಹುಡುಗಿ ಕೇಳಿದಳು.