ಬೇಡ ಎನ್ನುವವರು ಬೇಕಾಗಿದ್ದಾರೆ

ಎಲ್ಲಕ್ಕೂ ಕಾರಣ ಮತದಾನದ ದಿನ ಬೆಳಗಿನ ದೋಸೆ. "ವೋಟು ಯಾರಿಗೆ ಹಾಕ್ತೀಯೇ?" ಎಂದು ಅಮ್ಮ ಕೇಳಿದಾಗ ಹಿತಾಳ ಬಾಯಿ ತುಂಬಿತ್ತು, ಸುಮ್ಮನೆ ತಲೆಯಾಡಿಸಿ ಪಾರಾಗಬಹುದಿತ್ತು. ಅವಳು ದೋಸೆ ನುಂಗಿ ಉತ್ತರ ಕೊಟ್ಟಳು.

"ಆ ಗಂಟುಮೋರೆಯವ್ರಿಗೆ."

ಅಮ್ಮ ಶಕುಂತಲಾಳ ಕೈಯಲ್ಲಿದ್ದ ಸೌಟು ಕಾವಲಿಯ ಮೇಲೆ ಹಾಗೇ ನಿಂತಿತು. ಸಿಂಗಾಪುರದ ಅಧ್ಯಕ್ಷ ಪದವಿಗೆ ನಿಂತವರು ಮೂವರು. ಒಬ್ಬರು ಸದಾ ನಗುವವರು, ಇನ್ನೊಬ್ಬರು ಎರಡೆರಡು ಡಾಕ್ಟರೇಟಿನವರು. ಮೂರನೆಯವರು ಟೀವಿ ಚರ್ಚೆಯಲ್ಲಿ ಕೇಳಿದ್ದಕ್ಕೆಲ್ಲ "ಆಗುವುದಿಲ್ಲ" ಎಂದು ನೀರು ಕುಡಿದು ಕೂತವರು. ಚೋವಾ ಚು ಕಾಂಗ್ ಬಡಾವಣೆಯ ಆ ವಸತಿ ಬ್ಲಾಕಿನ ಕನ್ನಡದ ಹಿರಿಯರೆಲ್ಲ ಪಿ.ಆರ್.ಗಳು, ಅಂದರೆ ಕಾಯಂ ನಿವಾಸಿಗಳು. ಇಲ್ಲಿ ಬಾಳಬಹುದು, ಮತ ಹಾಕುವಂತಿಲ್ಲ. ಹೋದ ವರ್ಷ ಪೌರತ್ವ ಪಡೆದ ಹಿತಾಳದು ಒಂದೇ ಮತ, ಹಾಗಾಗಿ ಅದರ ಮೇಲೆ ಎಲ್ಲರಿಗೂ ಹಕ್ಕು.

ಹಿತಾ ಮಾತ್ರ ಪಟ್ಟು ಹಿಡಿದಿದ್ದಳು. ಜೀವನದ ಮೊದಲ ಮತವನ್ನು ತನ್ನ ಬುದ್ಧಿಯಿಂದಲೇ ಹಾಕಬೇಕು, ಆಮೇಲೆ ಗೆಳತಿಯರ ಜೊತೆ ಪಾಸಿರ್ ರಿಸ್ ಬೀಚಿನಲ್ಲಿ ಸಂಜೆಯವರೆಗೆ ಬಿದ್ದುಕೊಳ್ಳಬೇಕು. ಕೆಲಸಕ್ಕೆ ಸೇರಿದ ಮೇಲೆ ನೆಮ್ಮದಿಯ ರಜೆಯೆಂದು ಸಿಕ್ಕಿದ್ದು ಇದೇ.

ಲಿಫ್ಟು ಬರುವಷ್ಟರಲ್ಲಿ ಅಮ್ಮನ ಮೆಸೇಜು ಬ್ಲಾಕಿನ ಕನ್ನಡದವರ ಗ್ರೂಪಿಗೆ ಹೋಗಿತ್ತು. ಒಳಗೆ ಮೇಲಿನ ಮನೆಯ ಮೀರಾ ಆಂಟಿ.

"ಡಬಲ್ ಡಾಕ್ಟರೇಟ್ ಬಿಟ್ಟು ಆ ಮುಖಕ್ಕೆ ಹಾಕ್ತೀಯಂತೆ? ಫಾರಿನ್ ಗೆಸ್ಟ್ ಬಂದ್ರೆ ಹೆದರ್ಕೊಳಲ್ವಾ?"

"ಆಂಟಿ, ಪೋಲಿಂಗ್ ಡೇ ದಿನ ಕ್ಯಾಂಪೇನ್ ಮಾಡೋ ಹಾಗಿಲ್ಲ."

"ಕ್ಯಾಂಪೇನ್ ಅಲ್ಲಮ್ಮ, ಬುದ್ಧಿ ಹೇಳ್ತಿದೀನಿ."

ಕೆಳಗೆ ಬ್ಲಾಕಿನ ತೆರೆದ ನೆಲಮಹಡಿಯಾದ ವಾಯ್ಡ್ ಡೆಕ್‌ನಲ್ಲಿ ಪಟ್ಟಾಭಿರಾಮ ಅಂಕಲ್ ಕಾದಿದ್ದರು. ಎಷ್ಟೋ ತಿಂಗಳಿಂದ ಅಧ್ಯಕ್ಷರೇ ಸಿಗದ ಕನ್ನಡ ಬಳಗಕ್ಕೆ ಅವರು ಕಾರ್ಯದರ್ಶಿ. ನಗುಮುಖದವರ ಗುಣಗಾನ ಮಾಡುತ್ತ ಮತಗಟ್ಟೆಯ ಗೇಟಿನವರೆಗೂ ಬಂದರು. ಹಿತಾ ಜಗ್ಗಲಿಲ್ಲ. ಒಳಗೆ ಹೋಗಿ, ಗಂಟುಮೋರೆಯ ಪಕ್ಕ ಮುದ್ರೆ ಒತ್ತಿ ಬಂದಳು. ಅಂಕಲ್ ಇನ್ನೂ ಅಲ್ಲೇ ಇದ್ದರು.

"ಹಾಕಿದ್ದು ಹಾಕ್ಬಿಟ್ಟೆ. ಯಾಕೆ ಅಂತ ನಮ್ಮೋರಿಗೆ ಒಂದ್ಸಲ ಹೇಳ್ಬಿಡು. ಈಗ ಬಳಗದ ಮೀಟಿಂಗ್ ಇದೆ, ಎಲ್ರೂ ಸಿಗ್ತಾರೆ. ಇಲ್ದಿದ್ರೆ ವರ್ಷಪೂರ್ತಿ ನಿನ್ನ ತಲೆ ತಿಂತಾರೆ."

ಅದು ನಿಜವೆನ್ನಿಸಿತು. ಒಂದೇ ಏಟಿಗೆ ಮುಗಿಸಿಬಿಡೋಣವೆಂದು ಹಿತಾ ಸಭೆಗೆ ಹೋಗಿ ಎದ್ದು ನಿಂತಳು.

"ಪ್ರೆಸಿಡೆಂಟ್ ಕೆಲಸ ಬರೀ ರಿಬ್ಬನ್ ಕಟ್ ಮಾಡೋದಲ್ಲ. ದೇಶದ ಉಳಿತಾಯದ ಪೆಟ್ಟಿಗೆಗೆ ಎರಡು ಕೀ ಇದ್ದ ಹಾಗೆ. ಒಂದು ಗವರ್ನಮೆಂಟ್ ಹತ್ರ, ಇನ್ನೊಂದು ಇವ್ರ ಹತ್ರ. ತೆಗೀರಿ ಅಂತ ಬಂದಾಗ ಬೇಡ ಅನ್ನೋ ಧೈರ್ಯ ಇರ್ಬೇಕು. ನಗ್ತಾ ಹೂಂ ಅನ್ನೋರು ಮದುವೆ ಮನೆ ಬಾಗಿಲಲ್ಲಿ ನಿಲ್ಲೋಕೆ ಚೆನ್ನ. ಕೀ ಹಿಡ್ಕೊಳೋಕೆ ಬೇಡ ಅನ್ನೋರೇ ಬೇಕು. ಅಷ್ಟೇ."

ಮೊದಲು ಚಪ್ಪಾಳೆ ತಟ್ಟಿದವರು ಮೀರಾ ಆಂಟಿ. ಗೆದ್ದೆನೆಂಬ ಖುಷಿಯಲ್ಲಿ ಹಿತಾ ಬ್ಯಾಗು ಹೆಗಲಿಗೇರಿಸಿದಳು. ಅಷ್ಟರಲ್ಲಿ ಪಟ್ಟಾಭಿರಾಮ ಅಂಕಲ್ ಎದ್ದರು.

"ನಮ್ಮ ಕಣ್ಣು ತೆರೆಸಿದಳು ಹುಡುಗಿ. ಹೋದ ಸಲ ಹೂಂ ಅನ್ನೋರನ್ನೇ ಅಧ್ಯಕ್ಷರನ್ನಾಗಿ ಮಾಡಿದ್ವಿ. ಹಾಡ್ತೀನಿ ಅಂದವ್ರಿಗೆಲ್ಲ ಹೂಂ ಅಂದು, ಯುಗಾದಿ ಪ್ರೋಗ್ರಾಮ್ ಮುಗಿಯೋ ಹೊತ್ತಿಗೆ ಊಟ ಹಳಸಿತ್ತು. ಈ ಸಲ ಹಿತಾನೇ ಅಧ್ಯಕ್ಷೆ ಆಗ್ಲಿ."

"ಬೇಡ ಅಂಕಲ್," ಎಂದಳು ಹಿತಾ ಗಾಬರಿಯಿಂದ. "ನಂಗಾಗಲ್ಲ. ಖಂಡಿತ ಆಗಲ್ಲ."

ಅಂಕಲ್ ಹೆಮ್ಮೆಯಿಂದ ಸಭೆಯತ್ತ ತಿರುಗಿದರು. "ನೋಡಿದ್ರಾ?"

"ಹಿಂದೆ ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳಮ್ಮ," ಎಂದರು ಕೊನೆಯ ಸಾಲಿನವರು.

"ಬೇಡ ಅಂದ್ನಲ್ಲ," ಎಂದು ಹಿತಾ ದನಿಯೇರಿಸಿದಳು. ಚಪ್ಪಾಳೆಯೂ ಏರಿತು. ಬೆಳಗಿನಿಂದ ಮತವಿಲ್ಲದೆ ಒದ್ದಾಡಿದ್ದವರೆಲ್ಲ ಒಟ್ಟಿಗೆ ಕೈಯೆತ್ತಿದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮೊಬೈಲಿನಲ್ಲಿ ಗೆಳತಿಯರ ಬೀಚಿನ ಫೋಟೋ ಬಂದು ಬಿದ್ದಿತು. ಎದುರಿಗೆ ಮೀರಾ ಆಂಟಿ ಬಂದು ನಿಂತರು.

"ದೀಪಾವಳಿಗೆ ನಂದು ಎರಡು ಹಾಡು, ಬರ್ಕೋ."

ಬೇಡವೆಂದರೆ ಇವಳಷ್ಟು ಒಳ್ಳೆಯ ಅಧ್ಯಕ್ಷೆಯಿಲ್ಲವೆಂದು ಮುಂದಿನ ವರ್ಷವೂ ಬಿಡುವುದಿಲ್ಲ. ಹೂಂ ಎಂದರೆ ಹಾಡು ಕೇಳಬೇಕು. ಹಿತಾ ಕುರ್ಚಿ ಎಳೆದು ಕೂತು, ಬೆಳಿಗ್ಗೆ ತಾನು ಮತ ಹಾಕಿದ ಮೋರೆಯನ್ನೇ ತಾನೂ ಹಾಕಿಕೊಂಡಳು.