ಕಲ್ಲಯ್ಯನವರು ಅಗಿಯದ ಅಡಿಕೆ

ಯಲ್ಲಾಪುರಕ್ಕೆ ಕ್ರಿಪ್ಟೋ ತರುವ ಗಂಡಸು ತಾನೇ ಎಂದು ಕಲ್ಲಯ್ಯನವರು ಒಂದು ಮುಂಜಾನೆ ಚಹಾದ ಬಸಿ ಕೆಳಗಿಟ್ಟು ಘೋಷಿಸಿದರು. ಅವರ ಹೆಂಡತಿ ಗೌರಕ್ಕ ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದಳು. ಅದೇನು ತರುತ್ತೀರೋ ತನ್ನಿ, ಬರುವಾಗ ಉಪ್ಪಿನ ಪುಡಿಕೆಯನ್ನೂ ತನ್ನಿ, ನಿನ್ನೆ ಹೇಳಿದ್ದನ್ನು ಮರೆತು ಬಂದಿದ್ದೀರಿ ಎಂದಷ್ಟೇ ಆಕೆ ಹೇಳಿದಳು.

ಕ್ರಿಪ್ಟೋ ಅಂದರೆ ಏನು ಎಂಬುದು ಕಲ್ಲಯ್ಯನವರಿಗೂ ಗೊತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಅದು ಮೊಬೈಲಿನೊಳಗೆ ಇರುವ ನಾಣ್ಯ, ಕೈಗೆ ಸಿಗುವುದಿಲ್ಲ, ಕಿಸೆಗೆ ಬೀಳುವುದಿಲ್ಲ, ಆದರೆ ದಿನದಿನಕ್ಕೆ ಬೆಳೆಯುತ್ತದೆ ಎಂದು ಯಾರೋ ಹೇಳಿದ್ದು ಅವರ ತಲೆಯಲ್ಲಿತ್ತು. ಅಷ್ಟು ಸಾಕಾಗಿತ್ತು ಅವರಿಗೆ. ಯಾಕೆಂದರೆ ಅವರ ಬಂಡವಾಳ ಜ್ಞಾನವಲ್ಲ, ಮುಖ!

ಆ ಮುಖವನ್ನು ಒಮ್ಮೆ ನೋಡಬೇಕು. ಹಣೆಯ ತುಂಬ ವಿಭೂತಿ, ಅದರ ಕೆಳಗೆ ಸಮಾಧಾನದ ಕಣ್ಣು, ತುಂಬಿದ ಕೆನ್ನೆ, ಹಾಲಿನಂಥ ಬಿಳಿ ಮೀಸೆ, ತಲೆಗೆ ಸುತ್ತಿದ ರುಮಾಲು. ಅವರು ಬಟ್ಟೆ ಅಂಗಡಿ ನಡೆಸುತ್ತಿದ್ದ ಕಾಲದಲ್ಲಿ ಬಣ್ಣ ಹೋಗುತ್ತದೆಯೇ ಎಂದು ಗಿರಾಕಿ ಕೇಳಿದರೆ ಬಾಯಿಬಿಟ್ಟು ಉತ್ತರ ಕೊಡುತ್ತಲೇ ಇರಲಿಲ್ಲ, ಮೀಸೆಯ ಮೇಲೊಮ್ಮೆ ಬೆರಳಾಡಿಸುತ್ತಿದ್ದರು. ಗಿರಾಕಿ ಸೀರೆ ಕಟ್ಟಿಸಿಕೊಂಡು ಹೋಗುತ್ತಿದ್ದ. ಮೊದಲನೇ ಒಗೆತಕ್ಕೇ ಬಣ್ಣವೆಲ್ಲ ಬಚ್ಚಲಿಗೆ ಹರಿದು ಹೋದಾಗ ಮನೆಯವರು, ಅಯ್ಯನವರ ಅಂಗಡಿಯ ಸೀರೆ, ಹಾಗಾಗಲಿಕ್ಕಿಲ್ಲ ಎಂದು ಸಾಬೂನು ಬದಲಾಯಿಸುತ್ತಿದ್ದರು.

ಹೀಗಾಗಿ ಊರಿನಲ್ಲಿ ಯಾವ ಮಾತುಕತೆಯಿದ್ದರೂ, ಅದು ಹೆಣ್ಣು ನೋಡುವುದಿರಲಿ, ಜಾಗ ಕೊಳ್ಳುವುದಿರಲಿ, ಕಲ್ಲಯ್ಯನವರನ್ನು ಕರೆದೊಯ್ದು ನಡುವೆ ಕೂಡ್ರಿಸುವ ರೂಢಿ. ಮಾತೆಲ್ಲ ಮುಗಿದ ಮೇಲೆ ಎಲೆ ಅಡಿಕೆಯ ತಟ್ಟೆ ಅವರ ಮುಂದೆ ಬರುತ್ತಿತ್ತು. ಅವರು ಎಲೆ ಒರೆಸಿ, ಸುಣ್ಣ ಸವರಿ, ಮಡಚಿ ಬಾಯಿಗಿಟ್ಟು ಅಡಿಕೆ ಹೋಳನ್ನು 'ಕಟಕ್' ಎಂದು ಕಡಿದರೆ ಮುಗಿಯಿತು, ಕೆಲಸ ಖಾತ್ರಿ. ಎಲೆ ತಟ್ಟೆಗೆ ವಾಪಸು ಹೋಯಿತೋ, ಹಿರಿಯರಿಗೆ ಒಪ್ಪಿಗೆಯಿಲ್ಲ ಎಂದು ಎರಡೂ ಕಡೆಯವರು ಚಪ್ಪಲಿ ಹುಡುಕುತ್ತಿದ್ದರು. ನಡುವೆ ಅವರು ಕೂತಲ್ಲೇ ತೂಕಡಿಸಿದ್ದರೂ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಇಲ್ಲೊಂದು ಗುಟ್ಟು ಹೇಳಿಬಿಡಬೇಕು. ಆ 'ಕಟಕ್' ಎನ್ನುವುದು ಕಲ್ಲಯ್ಯನವರ ಹಲ್ಲಿನದಲ್ಲ, ಹುಬ್ಬಳ್ಳಿಯ ಡಾಕ್ಟರು ಮಾಡಿಕೊಟ್ಟ ಸೆಟ್ಟಿನದು. ಮೇಲಿನ ಸಾಲೂ ಅದೇ, ಕೆಳಗಿನ ಸಾಲೂ ಅದೇ. ಇದರಿಂದ ಅಡಿಕೆ ಕಡಿಯಬೇಡಿ ಎಂದು ಡಾಕ್ಟರು ಹೇಳಿದ್ದಕ್ಕೆ, ಹಾಗಾದರೆ ಇದನ್ನು ಪೂಜೆ ಮಾಡಲೇ ಎಂದು ಕೇಳಿ ಬಂದವರು ಅವರು. ಮಲಗುವಾಗ ಸೆಟ್ಟು ಗೂಡಿನಲ್ಲಿಟ್ಟ ಸ್ಟೀಲಿನ ಬಟ್ಟಲ ನೀರಿನಲ್ಲಿ ಮಲಗುತ್ತಿತ್ತು. ಈ ಸಂಗತಿ ಗೌರಕ್ಕನನ್ನು ಬಿಟ್ಟರೆ ಊರಿನ ನರಪಿಳ್ಳೆಗೂ ಗೊತ್ತಿರಲಿಲ್ಲ.

ಇಂಥ ಮುಖವನ್ನು ಹುಡುಕಿಕೊಂಡು 'ಕಣಜ ಕಾಯಿನ್' ಎಂಬ ಕಂಪನಿಯ ಸುಹಾಸ ಕಾರು ತೆಗೆದುಕೊಂಡು ಬಂದಿದ್ದ. ಅವನು ಹೇಳಿದ ಕಥೆ ಇಷ್ಟು. ಶಿರಸಿಯಲ್ಲಿ ಕಂಪನಿ ಒಂದು ಸಭೆ ಮಾಡಿತ್ತು. ಅಲ್ಲಿ ಮಾತಾಡಲು ಬಂದಿದ್ದವನು ಬಲು ಜಾಣನಂತೆ, ಆದರೆ ಕಿವಿಗೆ ರಿಂಗು, ಮೊಣಕಾಲಿನಲ್ಲಿ ಹರಿದ ಪ್ಯಾಂಟು. ಪ್ಯಾಂಟು ಹೊಲಿಸಿಕೊಳ್ಳಲಾರದವನು ನಮಗೇನು ಸಿರಿವಂತಿಕೆ ತಂದಾನು ಎಂದು ಜನ ಉಪ್ಪಿಟ್ಟು ತಿಂದು ಎದ್ದು ಹೋಗಿದ್ದರು.

"ನಮ್ಮ ನಾಣ್ಯ ಕಣ್ಣಿಗೆ ಕಾಣೂದಿಲ್ಲರಿ ಸರ್. ಮಂದಿಗೆ ನೋಡಾಕ ಏನರ ಬೇಕಲ್ಲ? ನಿಮ್ಮ ಮಾರಿ ನೋಡ್ಲಿ," ಎಂದ ಸುಹಾಸ. ಮಾತಾಡುವುದೂ ಬೇಡ, ವೇದಿಕೆಯ ಮೇಲೆ ಕೂತು ಕೊನೆಗೆ ಎಲೆ ಅಡಿಕೆ ಹಾಕಿಕೊಂಡರೆ ಸಾಕು ಎಂದೂ ಸೇರಿಸಿದ. ಹುಡುಗ ಊರಿನ ರೂಢಿಯನ್ನು ಚೆನ್ನಾಗಿಯೇ ತಿಳಿದುಕೊಂಡು ಬಂದಿದ್ದ. ಕಲ್ಲಯ್ಯನವರ ಎದೆ ಅಂಗಿಯ ಗುಂಡಿಗೆ ಭಾರವಾಗುವಷ್ಟು ಉಬ್ಬಿತು.

ಗೌರಕ್ಕ ಮಾತ್ರ ಒಂದೆರಡು ಪ್ರಶ್ನೆ ಕೇಳಿದಳು. ಆ ನಾಣ್ಯ ಯಾರ ಹತ್ತಿರ ಇರುತ್ತದೆ, ಬೇಕೆಂದಾಗ ಯಾರನ್ನು ಕೇಳಬೇಕು, ಮೊಬೈಲು ಬಾವಿಗೆ ಬಿದ್ದರೆ ಏನು ಗತಿ? ಕಲ್ಲಯ್ಯನವರು ಮೀಸೆಯ ಮೇಲೆ ಬೆರಳಾಡಿಸಿದರು. ಆಕೆ ಆ ಮೀಸೆಯ ಗಿರಾಕಿಯಾಗಿರಲಿಲ್ಲವಾದ್ದರಿಂದ ಉತ್ತರಕ್ಕೆ ಕಾದು ಕೂತಳು. ಆಗ ಅವರು ತಿಳಿಯದ ವಿಷಯದಲ್ಲಿ ಹೆಂಗಸರು ಬಾಯಿ ಹಾಕಬಾರದು ಎಂದು ಹೇಳಿ ಎದ್ದು ಹೋದರು.

ಸಭೆಯ ಹಿಂದಿನ ದಿನ ಪಾರ್ವತವ್ವ ಬಂದಳು. ಹಿಂದಿನ ಓಣಿಯ ಹೆಂಗಸು, ಗಂಡ ತೀರಿದ ಮೇಲೆ ಹೆದ್ದಾರಿಯ ಪಕ್ಕ ಲಾರಿಯವರಿಗೆ ರೊಟ್ಟಿ ಪಲ್ಯ ಮಾರಿ ಬದುಕಿದವಳು. ಬಿಸಿಲಲ್ಲಿ ನಿಂತು ರೊಟ್ಟಿ ಬಡಿದು ಕೂಡಿಟ್ಟ ಹಣ ಅವಳದು. ಸ್ವಂತದ್ದೊಂದು ಖಾನಾವಳಿ ಹಾಕಬೇಕು, ತಲೆಯ ಮೇಲೊಂದು ಸೂರು ಇಟ್ಟುಕೊಂಡು ರೊಟ್ಟಿ ಬಡಿಯಬೇಕು ಎಂಬುದೊಂದೇ ಅವಳ ಆಸೆ. ಆ ಹಣವನ್ನು ಈ ಕಾಯಿನ್ನಿಗೆ ಹಾಕಿದರೆ ಬೇಗ ಬೆಳೆದೀತೇ ಎಂದು ಕೇಳಲು ಬಂದಿದ್ದಳು.

"ಅಯ್ಯಾರ, ನಾಳೆ ನೀವು ಎಲಿ ಹಾಕ್ಕೋತೀರೇನ್ರಿ?"

"ಹಾಕ್ಕೋತೀನಿ."

"ಹಂಗಾರ ನಂದೂ ಹಾಕಿಬಿಡ್ತೀನಿ," ಎಂದು ಪಾರ್ವತವ್ವ ನಿರುಮ್ಮಳವಾಗಿ ನಕ್ಕು ಹೋದಳು.

ಗೌರಕ್ಕ ಬಾಗಿಲ ಹತ್ತಿರವೇ ನಿಂತಿದ್ದಳು. ಸಂಜೆ ಊಟಕ್ಕೆ ಬಡಿಸುವಾಗ, ನಾಳೆ ನಿಜವಾಗಿಯೂ ಅಗಿಯುತ್ತೀರಾ ಎಂದು ಮೆಲ್ಲಗೆ ಕೇಳಿದಳು. ಯಾಕೆ ಅಗಿಯಬಾರದು ಎಂದರು ಕಲ್ಲಯ್ಯನವರು. ಆಕೆ ಅನ್ನಕ್ಕೆ ಮಜ್ಜಿಗೆ ಹಾಕಿದಳು. ಕೊನೆಗೂ ಹೆಂಡತಿ ತನ್ನ ದಾರಿಗೆ ಬಂದಳು ಎಂದು ಅವರಿಗೆ ಬಹಳ ಸಮಾಧಾನವಾಯಿತು.

ಮರುದಿನ ಮುಂಜಾನೆ ಸ್ನಾನ, ಪೂಜೆ, ವಿಭೂತಿ ಎಲ್ಲ ಮುಗಿಸಿ ಗೂಡಿಗೆ ಕೈ ಹಾಕಿದರೆ ಬಟ್ಟಲಲ್ಲಿ ನೀರಿದೆ, ಹಲ್ಲಿಲ್ಲ! ಮಂಚದ ಕೆಳಗೆ ಹುಡುಕಿದರು. ದೇವರ ಜಗಲಿ ಹುಡುಕಿದರು. ನಿನ್ನೆಯ ಅಂಗಿಯ ಕಿಸೆ, ಹಾಸಿಗೆಯ ಸುರುಳಿ, ಚಪ್ಪಲಿಯ ಒಳಗು, ಯಾವುದನ್ನೂ ಬಿಡಲಿಲ್ಲ. ಕಿಟಕಿಯಲ್ಲಿ ಮಲಗಿದ್ದ ಬೆಕ್ಕನ್ನು ಎತ್ತಿ ಅದರ ಬಾಯಿಯನ್ನೂ ನೋಡಿದರು. ಇಲಿ ಒಯ್ದಿರಬೇಕು ಎಂದು ಗೌರಕ್ಕ ಒಲೆಯ ಕಡೆ ಮುಖ ಮಾಡಿಯೇ ಹೇಳಿದಳು. ಇಲಿಗೆ ಅದರದೇ ಹಲ್ಲು ಇಲ್ಲವೇ ಎಂದು ಕಲ್ಲಯ್ಯನವರು ಕಿರುಚಿದ್ದು ಹಲ್ಲಿಲ್ಲದ ಬಾಯಿಯಿಂದ ಬರೀ ಗಾಳಿಯಾಗಿ ಹೊರಬಂತು.

ಹಾಗೇ ಕನ್ನಡಿಯ ಮುಂದೆ ಹೋಗಿ ನಿಂತರು. ಕೆನ್ನೆ ಒಳಗೆ ಹೋಗಿತ್ತು, ಗದ್ದ ಮೂಗಿನ ಹತ್ತಿರ ಬಂದಿತ್ತು, ಮೀಸೆ ಹಳೆಯ ಕಸಬರಿಗೆಯಂತೆ ಜೋತುಬಿದ್ದಿತ್ತು. ಇಂಥ ಮುಖದವನು ಹೇಳಿದರೆ ತಾವೇ ಒಂದು ಕರವಸ್ತ್ರವನ್ನೂ ಕೊಳ್ಳುತ್ತಿರಲಿಲ್ಲ. ಅಷ್ಟರಲ್ಲಿ ಹೊರಗೆ ಸುಹಾಸನ ಕಾರು ಹಾರ್ನ್ ಹೊಡೆಯಿತು.

ಆಗ ಹೊಳೆದದ್ದು ದೇವರ ದೀಪಕ್ಕೆ ಬತ್ತಿ ಹೊಸೆಯುವ ಹತ್ತಿ. ಕಲ್ಲಯ್ಯನವರು ಹಿಡಿಹಿಡಿ ಕಿತ್ತು ಎರಡೂ ದವಡೆಗೆ ತುಂಬಿದರು. ಅದ್ಭುತ! ಮುಖ ಮರಳಿ ಬಂತು, ಮೊದಲಿಗಿಂತ ಒಂದು ಕೈ ಹೆಚ್ಚೇ ತುಂಬಿಕೊಂಡಿತು. ಮಾತು ಮಾತ್ರ ಸಂಪೂರ್ಣ ನಿಂತುಹೋಯಿತು. ಮಾತಾಡುವ ಕೆಲಸವೇ ಇಲ್ಲವಲ್ಲ ಎಂದು ಅವರು ಗಂಭೀರವಾಗಿ ಕಾರು ಹತ್ತಿದರು. ಅವರ ಮೌನ ಕಂಡು ಸುಹಾಸನ ಗೌರವ ಇನ್ನೂ ಹೆಚ್ಚಾಯಿತು.

ನಂದೊಳ್ಳಿಯಿಂದಲೂ ಇಡಗುಂದಿಯಿಂದಲೂ ಬಂದಿದ್ದ ಜನರಿಂದ ಸಭಾಭವನ ತುಂಬಿತ್ತು. ಪರದೆಯ ಮೇಲೆ ಹಸಿರು ಬಾಣವೊಂದು ಮೇಲಕ್ಕೇರುತ್ತಲೇ ಇತ್ತು, ಸುಹಾಸ ಅದರ ಹಿಂದೆಯೇ ಏರಿ ಮಾತಾಡುತ್ತಿದ್ದ. ಜನ ಬಾಣವನ್ನು ನೋಡಲಿಲ್ಲ, ಕಲ್ಲಯ್ಯನವರನ್ನು ನೋಡುತ್ತಿದ್ದರು. ಮೊದಲನೇ ಸಾಲಿನಲ್ಲಿ ಪಾರ್ವತವ್ವ ಬಟ್ಟೆಯ ಚೀಲವನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದಳು. ಕಲ್ಲಯ್ಯನವರು ಆಕೆಯತ್ತ ನೋಡಿ ದೊಡ್ಡಸ್ತಿಕೆಯಿಂದ ಕಣ್ಣು ಮುಚ್ಚಿ ತೆರೆದರು.

ಕೊನೆಗೆ ತಟ್ಟೆ ಬಂತು. ಹಲ್ಲು ಹುಡುಕುವ, ಹತ್ತಿ ತುಂಬುವ ಗಡಿಬಿಡಿಯಲ್ಲಿ ಈ ತಟ್ಟೆಯ ವಿಚಾರ ಅವರ ತಲೆಯಿಂದ ಹಾರಿಯೇ ಹೋಗಿತ್ತು! ಸಭೆ ಆ 'ಕಟಕ್' ಕೇಳಲು ಉಸಿರು ಹಿಡಿಯಿತು. ರೂಢಿಯ ಕೈ ತಾನಾಗಿಯೇ ಎಲೆ ಎತ್ತಿತು, ಸುಣ್ಣ ಸವರಿತು, ಮಡಚಿತು, ಮೀಸೆಯವರೆಗೂ ಒಯ್ದಿತು. ಅಲ್ಲಿಗೆ ನಿಂತಿತು. ಬಾಯಿ ತೆರೆದರೆ ಊರೆದುರು ಹತ್ತಿ ಹೊರಬೀಳುತ್ತದೆ. ಅದೇ ಹೊತ್ತಿಗೆ ಹತ್ತಿಯ ಎಳೆಯೊಂದು ಗಂಟಲಿಗೆ ಇಳಿದು ಕೆಮ್ಮು ಒತ್ತರಿಸಿತು. ಅದನ್ನು ತಡೆಯಲು ಕಲ್ಲಯ್ಯನವರು ತುಟಿ ಬಿಗಿಹಿಡಿದು ತಲೆಯನ್ನು ಎಡಕ್ಕೂ ಬಲಕ್ಕೂ ಜೋರಾಗಿ ಅಲ್ಲಾಡಿಸಿದರು. ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ತಾಳಲಾರದೆ ಎಲೆಯನ್ನು ತಟ್ಟೆಗೆ ಇಟ್ಟುಬಿಟ್ಟರು.

"ಅಯ್ಯಾರು ಎಲಿ ಕೆಳಗಿಟ್ರು," ಎಂದಳು ಪಾರ್ವತವ್ವ. ಹೆಚ್ಚು ಗಟ್ಟಿಯಾಗಿಯೇನೂ ಅನ್ನಲಿಲ್ಲ. ಚೀಲವನ್ನು ಸೆರಗಿನೊಳಗೆ ಸೇರಿಸಿ ಎದ್ದು ನಡೆದಳು.

ಅವಳ ಹಿಂದೆ ಇಡೀ ಸಭೆ ಎದ್ದಿತು. ಶಿರಸಿಯಲ್ಲಿ ಉಪ್ಪಿಟ್ಟಾದರೂ ಖರ್ಚಾಗಿತ್ತು, ಇಲ್ಲಿ ಅದೂ ಉಳಿಯಿತು. ಸುಹಾಸ ಉಪ್ಪಿಟ್ಟಿನ ಪಾತ್ರೆಯ ಮುಂದೆ ನಿಂತು ಕಲ್ಲಯ್ಯನವರಿಗೆ ಬಾಯಿಗೆ ಬಂದದ್ದೆಲ್ಲ ಅಂದ. ಅವರ ಬಾಯಿಗೆ ಏನೂ ಬರುವಂತಿರಲಿಲ್ಲ. ಕಾರು ಅವರನ್ನು ಬಿಟ್ಟೇ ಹೋಯಿತು. ಬಿಸಿಲಲ್ಲಿ ನಡೆದು ಮನೆಗೆ ಬಂದರೆ ಸೆಟ್ಟು ಬಟ್ಟಲಲ್ಲಿ ಕೂತು ನಗುತ್ತಿತ್ತು. ಶಾವಿಗೆ ಡಬ್ಬಿಯಲ್ಲಿ ಸಿಕ್ಕಿತು, ಇಲಿಯದೇ ಕೆಲಸ ಎಂದಳು ಗೌರಕ್ಕ. ಮುಚ್ಚಳ ಹಾಕಿದ ಡಬ್ಬಿಗೆ ಇಲಿ ಹೇಗೆ ಹೋಯಿತು ಎಂದು ಯೋಚಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ. ಸಿಟ್ಟಿನಿಂದ ಪೇಟೆಗೆ ಹೋಗಿ ಇಲಿಬೋನು ತಂದರು. ಉಪ್ಪು ಮರೆತರು.

ಆ ಮೇಲೆ ಎಷ್ಟೋ ದಿನ ಅವರು ಊರಿನ ಮೇಲೆ ಮುನಿಸಿಕೊಂಡೇ ಇದ್ದರು. ಒಂದು ದಿನ ಕಟಿಂಗ್ ಅಂಗಡಿಯ ಟೀವಿಯಲ್ಲಿ ಸುದ್ದಿ ಬಂತು. ಕಣಜ ಕಾಯಿನ್ನಿನ ಬಾಗಿಲು ಮುಚ್ಚಿತ್ತು, ಫೋನುಗಳೆಲ್ಲ ಬಂದ್ ಆಗಿದ್ದವು, ಇನ್ನಾವುದೋ ಊರಿನ ಹೆಂಗಸರು ಇಳಿದ ಶಟರಿನ ಮುಂದೆ ಕೂತು ಎದೆ ಎದೆ ಬಡಿದುಕೊಳ್ಳುತ್ತಿದ್ದರು. ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಕಲ್ಲಯ್ಯನವರಿಗೆ ಕಂಡದ್ದು ಆ ಹೆಂಗಸರಲ್ಲ, ಪಾರ್ವತವ್ವನ ಮಡಿಲಲ್ಲಿದ್ದ ಬಟ್ಟೆಯ ಚೀಲ. ಹಲ್ಲಿದ್ದಿದ್ದರೆ ತಾವು ಅಗಿಯುತ್ತಿದ್ದರು. ಆಕೆಯ ಕಣ್ಣು ನೋಡುತ್ತಲೇ ಅಗಿಯುತ್ತಿದ್ದರು. ಕನ್ನಡಿಯಲ್ಲಿ ತಮ್ಮ ಮುಖ ನೋಡಲು ಅವರಿಗೆ ನಾಚಿಕೆಯಾಯಿತು, ಕಣ್ಣು ಕೆಳಗೆ ಹಾಕಿಕೊಂಡೇ ಕೂತರು.

ಊರಿನವರಿಗೆ ಬೇರೆಯೇ ಕಂಡಿತ್ತು. ಎಲ್ಲರೂ ಕೂಡಿಟ್ಟದ್ದನ್ನು ಉಳಿಸಿದ ಮಹಾನುಭಾವ, ಕಂಪನಿಯವರ ವೇದಿಕೆಯ ಮೇಲೆಯೇ ಕೂತು, ಒಂದು ಮಾತೂ ಆಡದೆ, ಕಣ್ಣೀರು ಹಾಕಿ, ತಲೆಯಲ್ಲಾಡಿಸಿ ಎಚ್ಚರಿಸಿದ ದೊಡ್ಡ ಮನುಷ್ಯ! ಅದೇ ಸಭಾಭವನದಲ್ಲಿ ಸನ್ಮಾನ ಇಟ್ಟರು. ಬರುವುದಿಲ್ಲ ಎಂದರೂ ಬಿಡದೆ ಎಳೆದೊಯ್ದರು. ಪಾರ್ವತವ್ವ ಶಾಲು ಹೊದಿಸಿದಳು. ಖಾನಾವಳಿಗೆ ಜಾಗ ಗೊತ್ತಾಗಿದೆ, ಮೊದಲನೇ ರೊಟ್ಟಿ ನೀವೇ ಮುರಿಯಬೇಕು ಎಂದು ಹೇಳಿ ಅವರ ಕಾಲಿಗೆ ಬಿದ್ದಳು. ನೆಲ ಬಾಯಿಬಿಟ್ಟಿದ್ದರೆ ಕಲ್ಲಯ್ಯನವರು ಶಾಲಿನ ಸಮೇತ ಇಳಿದುಬಿಡುತ್ತಿದ್ದರು.

ತಡೆಯಲಾಗದೆ ಮೈಕಿನ ಮುಂದೆ ನಿಂತರು. "ನನಗ ಏನೂ ತಿಳಿದಿರಲಿಲ್ಲ. ಬಾಯಾಗ ಹಲ್ಲ ಇರಲಿಲ್ಲ, ಅದಕ್ಕ ಎಲಿ ಕೆಳಗಿಟ್ಟೆ. ಹಲ್ಲ ಇದ್ದಿದ್ರ ನಾ ಅಗೀತಿದ್ದೆ."

ಸಭೆ ಗೊಳ್ಳೆಂದು ನಕ್ಕಿತು, ಆಮೇಲೆ ಚಪ್ಪಾಳೆ. ದೊಡ್ಡವರ ವಿನಯ ನೋಡಿ ಎಂದು ಅಧ್ಯಕ್ಷರು ಕಣ್ಣೊರೆಸಿಕೊಂಡರು. ಪಾರ್ವತವ್ವ ಇನ್ನೊಮ್ಮೆ ಕೈ ಮುಗಿದಳು. ಕಲ್ಲಯ್ಯನವರು ಜನ್ಮದಲ್ಲಿ ಮೊದಲ ಬಾರಿ ಸಭೆಯಲ್ಲಿ ನಿಜ ಹೇಳಿದ್ದರು, ಅದನ್ನು ಒಬ್ಬನೂ ನಂಬಲಿಲ್ಲ! ನಂಬಿಸುವುದೇನೂ ಕಷ್ಟವಿರಲಿಲ್ಲ. ಬಾಯಿಗೆ ಕೈ ಹಾಕಿ ಸೆಟ್ಟು ಎಳೆದು ಮೇಜಿನ ಮೇಲಿಟ್ಟಿದ್ದರೆ ಸಾಕಿತ್ತು. ಕೈ ಮೇಲೆದ್ದಿತು. ಎದುರಿಗೆ ಅಷ್ಟೂ ಜನ ತಮ್ಮ ಮುಖವನ್ನೇ ನೋಡುತ್ತಿರುವುದು ಕಂಡಿತು. ಕೈ ಮೀಸೆಯ ಮೇಲೆ ಆಡಿ ಕೆಳಗಿಳಿಯಿತು. ಅಷ್ಟರಲ್ಲಿ ತಟ್ಟೆ ಮುಂದೆ ಬಂತು. ಎಲ್ಲರೂ ಕಾದರು. ಅವರು ಎಲೆ ಮಡಚಿ ಬಾಯಿಗಿಟ್ಟು ಅಡಿಕೆ ಕಡಿದರು. 'ಕಟಕ್' ಎಂದಿತು. ಸಭಾಭವನ ಚಪ್ಪಾಳೆಯಿಂದ ತುಂಬಿಹೋಯಿತು, ಅವರ ಬಾಯಿ ಮಾತ್ರ ಕಹಿಯಾಯಿತು.

ಮನೆಗೆ ಬಂದವರೇ ಶಾಲು ಮೂಲೆಗೆ ಎಸೆದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತರು. ಗೌರಕ್ಕ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು, ಮೀಸೆಯ ಮೇಲೆ ಆಡಿದ ಬೆರಳಿನ ಸಂಗತಿಯನ್ನೂ ಹೇಳಿದರು. ಹೇಳುತ್ತ ಹೇಳುತ್ತ ಅವರ ಧ್ವನಿ ಸಣ್ಣದಾಯಿತು.

"ನಾ ಅಗೀತಿದ್ದೆ ಅಂದ್ರ ಊರಾಗ ಒಬ್ಬರೂ ನಂಬಲಿಲ್ಲ, ಗೌರಾ."

ಗೌರಕ್ಕ ಜೋಳದಲ್ಲಿ ಸಿಕ್ಕ ಹರಳೊಂದನ್ನು ಆರಿಸಿ ಹೊರಗೆಸೆದಳು.

"ನಾ ನಂಬಿದ್ನಲ್ರಿ," ಎಂದಳು. "ಅದಕ್ಕ ಹಲ್ಲ ತಗದು ಶಾವಿಗಿ ಡಬ್ಬಿಯಾಗ ಇಟ್ಟಿದ್ದೆ."